ಮೊಳಕಾಲುದ್ದ ನೀರಿನ ಮೀನು ಮತ್ತು ಸಂಘದ ಕಂತು



ಸೋಯಾ ರಾಶಿ ಮುಗಿದು ಕಡಲೆ, ಜೋಳ ಬಿತ್ತುವ ಹೊತ್ತಿಗೆ ನಮ್ಮ ಭಾಗದ ಕೆರೆಗಳ ನೀರು ತಿಳಿಯಾಗುತ್ತದೆ. ಮಳೆಗಾಲದಲ್ಲಿ ಕದಡಿದ ಮಣ್ಣು ತಳಕ್ಕೆ ಕೂತಿರುತ್ತದೆ. ದಸರಾದಿಂದ ದೀಪಾವಳಿಯವರೆಗೆ ದಂಡೆಯ ಮೇಲೆ ನಿಂತು ನೋಡಿದರೆ ಮೊಳಕಾಲುದ್ದ ನೀರಿನಲ್ಲಿ ಮೀನಿನ ಮರಿಗಳು ಹಿಂಡು ಹಿಂಡಾಗಿ ಓಡಾಡುವುದು ಕಾಣುತ್ತದೆ. ಕೆರೆ ಹಿಡಿದ ಸಂಘಗಳ ಸಭೆಯಲ್ಲಿ ಆಗಲೇ ಒಂದು ಮಾತು ಏಳುತ್ತದೆ: “ಮೀನ ಬಂದಾವಲ್ರೀ ಅಕ್ಕಾ, ಹಿಡಿದು ಮಾರಿ ಕಂತು ಕಟ್ಟಿಬಿಡೋಣ.” ಈ ತಿಂಗಳ ಪಾಠ ಈ ಒಂದು ಮಾತಿನ ಮೇಲೆ.

ನಮ್ಮದು ಸಮುದ್ರ ಕಾಣದ ಜಿಲ್ಲೆ. ಆದರೆ ನೀರಿಲ್ಲದ ಜಿಲ್ಲೆ ಅಲ್ಲ. ಕಾರಂಜಾ ಜಲಾಶಯದ ಹಿನ್ನೀರು ಇದೆ, ಬಸವಕಲ್ಯಾಣ ತಾಲೂಕಿನಲ್ಲಿ ಚುಳಕಿ ನಾಲಾ ಇದೆ, ಕಲ್ಯಾಣದ ತ್ರಿಪುರಾಂತ ಕೆರೆ ಇದೆ, ಊರೂರಿಗೆ ಸಣ್ಣ ಕೆರೆಗಳಿವೆ. ಕಾರಂಜಾ ನೀರು ಮಾಂಜ್ರಾಕ್ಕೆ, ಮಾಂಜ್ರಾ ಗೋದಾವರಿಗೆ ಸೇರಿ ಕೊನೆಗೆ ಪೂರ್ವದ ಸಮುದ್ರ ಮುಟ್ಟುತ್ತದೆ. ಹನ್ನೆರಡನೇ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸುವ ಕಾಯಕದವರು ಎಂಬುದು ಕಲ್ಯಾಣದವರಿಗೆ ನಾವು ಹೇಳಬೇಕಾಗಿಲ್ಲ. ಯೇಸುಸ್ವಾಮಿಯ ಮೊದಲ ಶಿಷ್ಯರಲ್ಲಿ ಸಂತ ಪೇತ್ರರು ಮೀನುಗಾರರೇ. ಆದ್ದರಿಂದ ಮೀನಿನ ಕೆಲಸವನ್ನು ಕೀಳು ಎಂದು ಯಾರೂ ನೋಡಬಾರದು. “ಗಂಡಸರ ಕೆಲಸ, ನಮಗ್ಯಾಕ?” ಎನ್ನುವುದೂ ಸರಿಯಲ್ಲ. ಸಂತೆಯಲ್ಲಿ ಮೀನು ಕೊಯ್ದು, ತೂಗಿ, ಮಾರುವವರು ಹೆಚ್ಚಾಗಿ ಹೆಂಗಸರೇ. ಯಾವ ಮೀನಿಗೆ ಎಷ್ಟು ದರ ಎಂದು ಗೊತ್ತಿರುವವರು ಅವರೇ.

ಕರಾವಳಿಯ ಕಾಂಡ್ಲಾ ನೀರಿನಲ್ಲಿ ಏನು ನಡೆಯುತ್ತದೆ

ಸಣ್ಣ ನೀರಿನ ಮೀನಿನ ವಿಷಯ ಚೆನ್ನಾಗಿ ತಿಳಿಯಬೇಕಾದರೆ ಸ್ವಲ್ಪ ಹೊತ್ತು ಉತ್ತರ ಕನ್ನಡ ಜಿಲ್ಲೆಗೆ ಹೋಗಿ ಬರೋಣ. ಶಿರಸಿ ಕಡೆ ಹುಟ್ಟಿದ ಅಘನಾಶಿನಿ ನದಿ ಕುಮಟಾ ತಾಲೂಕಿನ ತದಡಿ ಹತ್ತಿರ ಅರಬ್ಬೀ ಸಮುದ್ರ ಸೇರುತ್ತದೆ. ಈ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಸಮುದ್ರ ಸೇರುವ ಮೊದಲು ನದಿ ಅಗಲವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ಸಿಹಿನೀರು, ಉಪ್ಪುನೀರು ಕೂಡುತ್ತವೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತ ಬಂದಾಗ ಎದೆಮಟ್ಟ ನೀರು ಇದ್ದಲ್ಲಿ ಆರು ತಾಸಿನ ಮೇಲೆ ಬರೀ ಕೆಸರು ಕಾಣಬಹುದು.

ಆ ಕೆಸರಿನಲ್ಲಿ ಬೆಳೆಯುವ ಮರಗಳಿಗೆ ಅಲ್ಲಿನ ಜನ ಕಾಂಡ್ಲಾ ಎನ್ನುತ್ತಾರೆ. ಕೆಲವು ಜಾತಿಯ ಕಾಂಡ್ಲಾಕ್ಕೆ ಕಾಂಡದಿಂದ ಕಮಾನಿನ ಹಾಗೆ ಬೇರು ಇಳಿದಿರುತ್ತವೆ. ಕೆಲವಕ್ಕೆ ಕೆಸರಿನೊಳಗಿನಿಂದ ಮೇಲಕ್ಕೆ ಪೆನ್ಸಿಲ್ ನೆಟ್ಟ ಹಾಗೆ ಉಸಿರು ಬೇರು ಎದ್ದಿರುತ್ತವೆ. ಒಂದು ಜಾತಿಯ ಬೀಜ ತಾಯಿಮರದ ಮೇಲೆಯೇ ಮೊಳಕೆಯೊಡೆದು, ಗೇಣುದ್ದ ಬೆಳೆದ ಮೇಲೆ ಕೆಸರಿಗೆ ಬೀಳುತ್ತದೆ. ಹೆರಿಗೆಗೆ ತವರಿಗೆ ಹೋದ ಮಗಳು ಕೂಸು ಗಟ್ಟಿಯಾದ ಮೇಲೆ ಗಂಡನ ಮನೆಗೆ ಬಂದ ಹಾಗೆ ಅನ್ನಿ!

ಈ ಬೇರುಗಳ ಸಂದಿಯೇ ಮೀನು, ಶೀಗಡಿ, ಏಡಿ ಮರಿಗಳ ತೊಟ್ಟಿಲು. ದೊಡ್ಡ ಮೀನು ಆ ಸಂದಿಗೆ ನುಗ್ಗಲು ಆಗುವುದಿಲ್ಲ. ಉದುರಿದ ಎಲೆ ಕೊಳೆತು ಪುಡಿಯಾಗಿ ಮರಿಗಳಿಗೆ ತಿನಿಸಾಗುತ್ತದೆ. ಮಳೆಗಾಲದಲ್ಲಿ ಹೊಳೆಯ ನೀರು ಪೂರ್ತಿ ಸಿಹಿಯಾಗಿ ರಭಸದಿಂದ ಹರಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ರಭಸ ಕಡಿಮೆಯಾಗಿ ಉಪ್ಪು ಮತ್ತೆ ಒಳಗೆ ಏರುತ್ತದೆ. ಅದರ ಜೊತೆಗೆ ಕಡಲಿನ ಮರಿಗಳೂ ಒಳಗೆ ಬರುತ್ತವೆ. ಆ ಸಮಯಕ್ಕೆ ಒಬ್ಬರೋ ಇಬ್ಬರೋ ಕೂರುವ ಸಣ್ಣ ದೋಣಿಗಳು ಕಾಂಡ್ಲಾ ಸಂದಿಗಳಲ್ಲಿ ಓಡಾಡುತ್ತವೆ. ಇಂಜಿನ್ ಇಲ್ಲ, ಒಂದು ಗಳ ಅಥವಾ ಹುಟ್ಟು ಅಷ್ಟೆ. ಒಂದು ಗೇಣು ನೀರಿದ್ದರೂ ದೋಣಿ ತೇಲುತ್ತದೆ. ಸದ್ದಿಲ್ಲದ ಕಾರಣ ಮೀನು ಬೆದರುವುದಿಲ್ಲ. ಗಾಳ, ಬೀಸು ಬಲೆ, ಸಣ್ಣ ಹಾಸು ಬಲೆಯಿಂದ ನೋಗ್ಲಿ, ಏಡಿ, ಶೀಗಡಿ ಹಿಡಿಯುತ್ತಾರೆ. ಇಳಿತದ ಹೊತ್ತಿನಲ್ಲಿ ಕೆಸರಿನಿಂದ ಚಿಪ್ಪು ಆರಿಸುವವರಲ್ಲಿ ಹೆಂಗಸರೂ ಇದ್ದಾರೆ.

ಈಗ ಪಟ್ಟಣದವರು ಇಂಥ ನೀರಿಗೆ ಕಯಾಕ್ ಎಂಬ ದೋಣಿ ತರುತ್ತಾರೆ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಕಾಂಡ್ಲಾ ನಡುವೆ ಪ್ರವಾಸಿಗರನ್ನು ಕಯಾಕಿನಲ್ಲಿ ಕರೆದೊಯ್ಯುತ್ತಾರೆ. ಕಯಾಕ್ ಎಂದರೆ ಎರಡೂ ತುದಿ ಚೂಪಾದ, ಕಿರಿದಾದ ದೋಣಿ; ಹುಟ್ಟಿಗೆ ಎರಡೂ ಕಡೆ ಅಲಗು ಇರುತ್ತದೆ. ಮೊದಲು ಇದನ್ನು ಮಾಡಿದವರು ಉತ್ತರ ಧ್ರುವದ ಹಿಮದ ನಾಡಿನ ಜನ. ಕಟ್ಟಿಗೆ, ಎಲುಬಿನ ಹಂದರಕ್ಕೆ ಸೀಲ್ ಎಂಬ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು. ನಮ್ಮ ಹಿರಿಯರು ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿ ಹರಿಗೋಲು ಮಾಡಿದ್ದೂ ಅದೇ ಬುದ್ಧಿಯಿಂದ. ನೀರು ಸಣ್ಣದು, ದೋಣಿ ಹಗುರ ಇರಬೇಕು.

ಕರಾವಳಿಯ ಜನ ಕಲಿತದ್ದು ದೋಣಿ ನಡೆಸುವುದು ಮಾತ್ರವಲ್ಲ. ಕಾಯುವುದನ್ನೂ ಕಲಿತಿದ್ದಾರೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಅಘನಾಶಿನಿ ದಂಡೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ತೂಬು ತೆಗೆದು ಭರತದ ನೀರು ಒಳಗೆ ಬಿಡುತ್ತಾರೆ. ನೀರಿನ ಜೊತೆ ಬಂದ ಶೀಗಡಿ ಮರಿ ಭತ್ತದ ಕೂಳೆ ನಡುವೆ ಬೆಳೆದ ಮೇಲೆಯೇ ಹಿಡಿಯುವುದು. ಈ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು.

ನಮ್ಮ ಕೆರೆಯಂಗಳವೂ ತೊಟ್ಟಿಲೇ

ಈಗ ನಮ್ಮ ಊರಿಗೆ ಬರೋಣ. ಇಲ್ಲಿ ಭರತವಿಲ್ಲ, ಇಳಿತವಿಲ್ಲ, ಕಾಂಡ್ಲಾ ಇಲ್ಲ. ಆದರೆ ಕೆರೆ ತುಂಬಿದಾಗ ಅಂಗಳದ ಜಾಲಿ ಗಿಡ, ಹುಲ್ಲು, ಆಪು ನೀರಿನಲ್ಲಿ ಮುಳುಗುತ್ತವೆ. ಆ ಸಣ್ಣ ನೀರಿಗೆ ಬಿಸಿಲು ತಳದವರೆಗೆ ಮುಟ್ಟುತ್ತದೆ. ಬಿಸಿಲು ಬಿದ್ದಲ್ಲಿ ನೀರು ತುಸು ಹಸಿರಾಗುತ್ತದೆ. ಆ ಹಸಿರೇ ಮರಿಗಳ ಊಟ. ಜಾಲಿಯ ಮುಳ್ಳು ಟೊಂಗೆ ಕಾಂಡ್ಲಾ ಬೇರಿನ ಕೆಲಸವನ್ನೇ ಮಾಡುತ್ತದೆ. ಬಲೆ ಹರಿಯುತ್ತದೆ ಎಂದು ಬೈಯುತ್ತೇವೆ, ಆದರೆ ಮರಿ ಉಳಿಯುವುದು ಅಲ್ಲೇ. ಎಲ್ಲ ಗಿಡ ಕಡಿದು ಅಂಗಳ ಬೋಳು ಮಾಡುವ ಮೊದಲು ಯೋಚಿಸಿ.

ಇನ್ನೊಂದು ಮುಖ್ಯ ಮಾತು. ಕಟ್ಲಾ, ರೋಹು, ಮೃಗಾಲ್ ಮೀನುಗಳು ಹರಿಯುವ ನೀರಿನಲ್ಲಿ, ಮಳೆಗಾಲದಲ್ಲಿ ಮೊಟ್ಟೆ ಇಡುತ್ತವೆ. ನಿಂತ ಕೆರೆಯಲ್ಲಿ ತಾವಾಗಿ ಸಂತಾನ ಬೆಳೆಸುವುದಿಲ್ಲ. ಸಾಮಾನ್ಯ ಗೆಂಡೆ ಒಂದೇ ಕೆರೆಯಲ್ಲೂ ಮರಿ ಮಾಡುತ್ತದೆ. ಅಂದರೆ ಕೆರೆಗೆ ಪ್ರತಿ ವರ್ಷ ರೊಕ್ಕ ಕೊಟ್ಟು ಮರಿ ತಂದು ಬಿಡಲೇಬೇಕು. ಆ ರೊಕ್ಕ ಸಂಘದ ಸಾಲದ್ದು. ದೀಪಾವಳಿಗೆ ಸೊಳ್ಳೆ ಪರದೆ, ಹಳೇ ಸೀರೆ ಹಿಡಿದು ದಂಡೆಯಲ್ಲಿ ಗೋರಿದರೆ ನಾವು ಗೋರುವುದು ಮೀನನ್ನಲ್ಲ, ನಮ್ಮ ಸಾಲವನ್ನೇ.

ಹಾಗಾದರೆ ದಂಡೆಯ ಎಲ್ಲ ಸಣ್ಣ ಮೀನೂ ಮುಟ್ಟಬಾರದೇ? ಹಾಗಲ್ಲ. ಬೆಳೆದರೂ ಬೆರಳುದ್ದವೇ ಇರುವ ನಾಡ ಮೀನುಗಳಿವೆ. ಅವು ತಾವಾಗಿ ಮರಿ ಮಾಡುತ್ತವೆ, ನಾವು ಬಿಟ್ಟ ಮರಿಗಳ ತಿನಿಸಿಗೆ ಪೈಪೋಟಿ ಕೊಡುತ್ತವೆ. ಅವನ್ನು ಹಿಡಿದು ತಿನ್ನಬಹುದು, ಮಾರಬಹುದು. ಎಲುಬು ಸಮೇತ ತಿನ್ನುವುದರಿಂದ ಸುಣ್ಣದ ಅಂಶ ಚೆನ್ನಾಗಿ ಸಿಗುತ್ತದೆ. ಬಸುರಿ, ಬಾಣಂತಿಯರಿಗೆ, ಮಕ್ಕಳಿಗೆ ಒಳ್ಳೆಯದು. ಬೇರೆ ಮರಿ ತಿನ್ನುವ ಹಾವಿನ ತಲೆಯಂಥ ಮೀನನ್ನೂ ದಂಡೆಯ ಹುಲ್ಲಿನ ಬದಿಗೆ ಗಾಳ ಹಾಕಿ ತೆಗೆಯಬೇಕು. ಅದಕ್ಕೆ ಸಂತೆಯಲ್ಲಿ ದರವೂ ಒಳ್ಳೆಯದಿದೆ. ಈ ಕಾಲದ ಕಂತಿಗೆ ಇಷ್ಟು ಆದಾಯ ಸಾಕಾಗಬಹುದು, ಆಗದಿರಬಹುದು.

ಆದರೆ ಗುರುತು ಗೊತ್ತಿರಬೇಕು. ಕಟ್ಲಾಕ್ಕೆ ತಲೆ ದೊಡ್ಡದು, ಬಾಯಿ ಮೇಲ್ಮುಖ. ರೋಹುವಿನ ಕೆಳತುಟಿಗೆ ಝಾಲರಿನಂತೆ ಅಂಚು, ರೆಕ್ಕೆ ಕೆಂಪು ಛಾಯೆ. ಮೃಗಾಲ್ ಬೆಳ್ಳಿಯಂತೆ ಹೊಳೆಯುತ್ತದೆ. ಬಲೆಗೆ ಬಂದ ಈ ಮೂರರ ಮರಿಯನ್ನು ಒದ್ದೆ ಕೈಯಿಂದ ಹಿಡಿದು ಕೂಡಲೇ ನೀರಿಗೆ ಬಿಡಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ಹುಣ್ಣಾಗುತ್ತದೆ. ಇನ್ನು “ಬೇಗ ಬೆಳೀತದ” ಎಂದು ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಮಾರುವವರು ಬಂದರೆ ಹೊಸ್ತಿಲು ಹತ್ತಿಸಬೇಡಿ. ಬೇರೆ ಮೀನೆಲ್ಲ ತಿಂದು ಹಾಕುವ ಅದನ್ನು ಕೇಂದ್ರ ಸರಕಾರ 2000ನೇ ಇಸವಿಯಲ್ಲೇ ನಿಷೇಧಿಸಿದೆ.

ಈ ಕಾಲದಲ್ಲಿ ದೋಣಿ ಯಾತಕ್ಕೆ?

ದಸರಾ, ದೀಪಾವಳಿ ಕಾಲದಲ್ಲಿ ದೋಣಿ ನೀರಿಗಿಳಿಸುವುದು ಮೀನು ಹಿಡಿದು ಖಾಲಿ ಮಾಡಲಿಕ್ಕಲ್ಲ, ನೋಡಲಿಕ್ಕೆ. ತಿಂಗಳಿಗೊಮ್ಮೆ ಬೆಳಗ್ಗೆ ಹರಿಗೋಲಿನಲ್ಲಿ ಹೋಗಿ ಎರಡು ಮೂರು ಕಡೆ ಬೀಸು ಬಲೆ ಹಾಕಿ. ಸಿಕ್ಕದ್ದರಲ್ಲಿ ಹತ್ತು ಮೀನು ತೂಗಿ, ಹತ್ತರಿಂದ ಭಾಗಿಸಿ, ಸಂಘದ ಪುಸ್ತಕದಲ್ಲಿ ಬರೆದಿಡಿ. ಮೀನು ವಾಪಸ್ ಬಿಡಿ. ಮುಂದಿನ ತಿಂಗಳು ತೂಕ ಏರಿದ್ದರೆ ಸಂತೋಷ. ಏರದಿದ್ದರೆ ತಿನಿಸು ಸಾಲುತ್ತಿಲ್ಲ, ಇಲ್ಲವೇ ಮರಿ ಹೆಚ್ಚಾಗಿವೆ. ಮೈಮೇಲೆ ಕೆಂಪು ಕಲೆ, ಹುಣ್ಣು ಕಂಡರೆ ತಡ ಮಾಡದೆ ಮೀನುಗಾರಿಕೆ ಇಲಾಖೆಯವರಿಗೆ ತಿಳಿಸಿ. ಚಳಿ ಬೀಳುವಾಗ ಈ ರೋಗ ಬರುತ್ತದೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಆ ದಿನ ಸಗಣಿ, ಗೊಬ್ಬರ ಹಾಕಬೇಡಿ. ಕೋಡಿ ಹರಿಯುತ್ತಿದ್ದರೆ ಜಾಳಿಗೆ ಕಟ್ಟಿದ್ದೀರಾ ನೋಡಿ. ಕೋಡಿಯಲ್ಲಿ ಹೋದ ಮೀನು ಕೆಳಗಿನ ಊರವರದ್ದು!

ನೀರಿಗೆ ಇಳಿಯುವ ವಿಷಯದಲ್ಲಿ ನಾವು ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇವೆ. ಥರ್ಮಾಕೋಲ್ ತುಂಡು, ಲಾರಿ ಟ್ಯೂಬಿನ ಮೇಲೆ ಕೂತು ಬಲೆ ಹಾಕುವುದನ್ನು ಎಲ್ಲ ಕಡೆ ನೋಡುತ್ತೇವೆ. ಥರ್ಮಾಕೋಲ್ ಮುರಿಯುತ್ತದೆ, ಜಾರುತ್ತದೆ. ಟ್ಯೂಬಿಗೆ ಜಾಲಿ ಮುಳ್ಳು ಸಾಕು. ಮೊಳಕಾಲುದ್ದ ನೀರು ಎಂದು ನಂಬಿ ನಡೆಯಲೂ ಬಾರದು. ಬೇಸಿಗೆಯಲ್ಲಿ ಜೆಸಿಬಿಯಿಂದ ಹೂಳು ತೆಗೆದ ಗುಂಡಿಗಳು ಮಳೆಗಾಲದ ಮೇಲೆ ಕಾಣುವುದಿಲ್ಲ. ಒಂದು ಹೆಜ್ಜೆ ಮೊಳಕಾಲಿಗೆ, ಮುಂದಿನ ಹೆಜ್ಜೆ ಆಳೆತ್ತರಕ್ಕೆ. ಬೇಸಿಗೆಯಲ್ಲೇ ಗುಂಡಿಗಳ ಬದಿಗೆ ಎತ್ತರದ ಬಿದಿರು ಕೋಲು ನೆಟ್ಟು ಬಟ್ಟೆ ಕಟ್ಟಿಡಿ. ಈಸು ಬಾರದವರು ದಂಡೆಯ ಮೇಲೆ ತೂಗುವ, ಬರೆಯುವ ಕೆಲಸ ಮಾಡಲಿ. ದೋಣಿ ಹತ್ತುವವರು ಜೀವರಕ್ಷಕ ಜಾಕೆಟ್ ಹಾಕಲೇಬೇಕು. ಸೀರೆ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಚೂಡಿದಾರ ಹಾಕಿಕೊಳ್ಳಿ, ಯಾರೇನಂದರೂ ಅನ್ನಲಿ. ಹರಿಗೋಲಿನಲ್ಲಿ ಇಬ್ಬರೂ ಒಮ್ಮೆಗೇ ಎದ್ದು ನಿಲ್ಲಬಾರದು. ಒಬ್ಬರೇ ಹೋಗಬಾರದು. ಕರೆಂಟ್ ತಂತಿ ಬಿಟ್ಟು, ಮದ್ದು ಸಿಡಿಸಿ ಮೀನು ಹಿಡಿಯುವವರ ಹತ್ತಿರ ನಿಲ್ಲಲೂ ಬಾರದು, ಅದು ಅಪರಾಧ.

ಕಂತಿನ ಲೆಕ್ಕ

ಲೆಕ್ಕ ತಿಳಿಯಲಿ ಎಂದು ಒಂದು ಉದಾಹರಣೆ ಹಾಕುತ್ತೇವೆ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಸಂತೆಯ ದರ ಹಾಕಿ ನೀವೇ ಮತ್ತೆ ಮಾಡಿ ನೋಡಿ. ಒಂದು ಸಂಘ ಐದು ಎಕರೆ ಕೆರೆಯಲ್ಲಿ ಆಗಸ್ಟಿನಲ್ಲಿ ಬೆರಳುದ್ದದ 6,000 ಮರಿ ಬಿಟ್ಟಿತು. ದೀಪಾವಳಿಗೆ 3,000 ಉಳಿದಿವೆ, ಒಂದೊಂದು 200 ಗ್ರಾಂ. ಎಲ್ಲ ಹಿಡಿದರೆ 600 ಕಿಲೋ. ಸಣ್ಣ ಮೀನಿಗೆ ಕಿಲೋಗೆ 60 ರೂಪಾಯಿ ಸಿಕ್ಕರೆ 36,000 ರೂಪಾಯಿ. ಇದೇ ಮೀನನ್ನು ಮಾರ್ಚಿನವರೆಗೆ ಬಿಟ್ಟರೆ ಇನ್ನೂ ಕೆಲವು ಸತ್ತು 2,400 ಉಳಿದವು ಅನ್ನೋಣ, ಒಂದೊಂದು 700 ಗ್ರಾಂ. ಆಗ 1,680 ಕಿಲೋ. ದೊಡ್ಡ ಮೀನಿಗೆ ಕಿಲೋಗೆ 100 ರೂಪಾಯಿಯಂತೆ 1,68,000 ರೂಪಾಯಿ. ನಾಲ್ಕು ತಿಂಗಳ ತಾಳ್ಮೆಗೆ 1,32,000 ರೂಪಾಯಿ ವ್ಯತ್ಯಾಸ. ಕೂಲಿ, ಕಾವಲು, ತಿನಿಸಿನ ಖರ್ಚು ಕಳೆದರೂ ಉಳಿಯುವುದು ಸಣ್ಣ ಮೊತ್ತವಲ್ಲ.

ಈ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ. ಆದರೂ ದೀಪಾವಳಿಗೇ ಯಾಕೆ ಹಿಡಿಯುತ್ತಾರೆ? ಕಂತು ತಿಂಗಳಿಗೊಮ್ಮೆ ಬರುತ್ತದೆ, ಕೆಲವು ಕಂಪನಿಗಳದ್ದು ವಾರಕ್ಕೊಮ್ಮೆ. ಮೀನು ಮಾತ್ರ ವರ್ಷಕ್ಕೊಮ್ಮೆ. ತಪ್ಪು ಅಕ್ಕಂದಿರದ್ದಲ್ಲ, ಸಾಲದ ಅಳತೆಯದ್ದು. ಮೀನಿಗೆ ವಾರದ ಕಂತಿನ ಸಾಲ ತೆಗೆದುಕೊಳ್ಳಲೇಬಾರದು ಎಂಬುದು ನಮ್ಮ ಅಭಿಪ್ರಾಯ. ಬ್ಯಾಂಕಿನವರ ಹತ್ತಿರ ಹೋದಾಗ “ಮಾರ್ಚ್‌ವರೆಗೆ ಬಡ್ಡಿ ಮಾತ್ರ ಕಟ್ತೀವಿ, ಅಸಲು ಮೀನು ಮಾರಿದ ಮ್ಯಾಲ” ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು 2018-19ರಿಂದ ಮೀನು ಸಾಕುವವರಿಗೂ ವಿಸ್ತರಿಸಿದ್ದಾರೆ. ಗುತ್ತಿಗೆ ಕೆರೆ ಇರುವ ಸ್ವಸಹಾಯ ಸಂಘಗಳೂ ಅರ್ಜಿ ಹಾಕಬಹುದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಘಟಕ ವೆಚ್ಚದ ಶೇ. 60ರವರೆಗೆ ಸಹಾಯಧನ ಇಟ್ಟಿದ್ದರು. ಈ ವರ್ಷ ಏನಿದೆ, ಅರ್ಜಿ ಯಾವಾಗ ಎಂದು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ನಾಲ್ವರು ಕೇಳಿಸಿಕೊಂಡರೆ ಮಾತು ಮರೆಯುವುದಿಲ್ಲ.

ಪೂರ್ತಿ ಮಾರ್ಚ್‌ವರೆಗೆ ಕಾಯಲು ಆಗದವರಿಗೆ ನಡುದಾರಿ ಇದೆ. ಎಳ್ಳ ಅಮಾವಾಸ್ಯೆ ಕಳೆದ ಮೇಲೆ ದೊಡ್ಡ ಕಣ್ಣಿನ ಬಲೆ ಹಾಕಿ ಬೇಗ ಬೆಳೆದವನ್ನು ಮಾತ್ರ ತೆಗೆಯುತ್ತ ಹೋಗಿ. ಬಲೆ ಕೊಳ್ಳುವಾಗ ಕಣ್ಣನ್ನು ಎಳೆದು ಅಳೆಯಿರಿ, ನಾಲ್ಕು ಇಂಚಿಗಿಂತ ಕಡಿಮೆ ಬೇಡ. ಸಣ್ಣವು ಪಾರಾಗಿ ಹೋಗುತ್ತವೆ, ಜಾಗ ಖಾಲಿಯಾದ್ದರಿಂದ ಬೇಗ ಬೆಳೆಯುತ್ತವೆ. ಮಾರಾಟಕ್ಕೆ ಹುಮನಾಬಾದಿನವರಿಗೆ ಒಂದು ಅನುಕೂಲ ಇದೆ: ಹೈದರಾಬಾದ್-ಸೋಲಾಪುರ ಹೆದ್ದಾರಿ ಊರ ಪಕ್ಕದಲ್ಲೇ ಹೋಗುತ್ತದೆ, ಧಾಬಾದವರಿಗೆ ಒಂದೇ ಅಳತೆಯ ಮೀನು ಬೇಕು. ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ಬಿಡುವ ಮನೆಗಳೂ ಮೀನು ಕೇಳುತ್ತವೆ. ಅದೂ ಫೆಬ್ರವರಿ-ಮಾರ್ಚಿನಲ್ಲೇ.

ಕೆರೆ ಯಾರದ್ದು?

ಕೆಲವು ಕೆರೆ ಗ್ರಾಮ ಪಂಚಾಯತಿಯ ಕೈಯಲ್ಲಿವೆ, ಕೆಲವು ಮೀನುಗಾರಿಕೆ ಇಲಾಖೆಯ ಕೈಯಲ್ಲಿ. ಮೀನು ಹಿಡಿಯುವ ಹಕ್ಕಿಗೆ ಕಾಗದದಲ್ಲಿ “ಮೀನು ಪಾಶುವಾರು ಹಕ್ಕು” ಎನ್ನುತ್ತಾರೆ. ಈ ಶಬ್ದ ನೆನಪಿಡಿ, ಕಚೇರಿಯಲ್ಲಿ ಇದೇ ಶಬ್ದ ಬೇಕಾಗುತ್ತದೆ. ಗುತ್ತಿಗೆ ಪತ್ರ ಸಂಘದ ಹೆಸರಿನಲ್ಲೇ ಇರಬೇಕು. ಗಂಡನ ಹೆಸರಿಗೋ ಮುಖಂಡರ ಹೆಸರಿಗೋ ಆಗಿ, ಮರಿ ಬಿಡಲು ಸಂಘದ ರೊಕ್ಕ ಹೋದರೆ ಮಾರ್ಚಿನಲ್ಲಿ ಜಗಳವೇ ಬೆಳೆ.

ತಲೆಮಾರಿನಿಂದ ಆ ನೀರಿನಲ್ಲೇ ಬದುಕಿದ ಕೋಲಿ, ಕಬ್ಬಲಿಗ, ಅಂಬಿಗ ಮನೆತನಗಳನ್ನು ಮರೆಯಬಾರದು. ಅವರ ಹೊಟ್ಟೆಯ ಮೇಲೆ ಹೊಡೆದು ನಮ್ಮ ಸಂಘ ಬೆಳೆಯುವುದು ಬೇಡ. ಅವರ ಮನೆಯ ಹೆಣ್ಣುಮಕ್ಕಳು ನಮ್ಮ ಸಂಘದಲ್ಲಿ ಇದ್ದಾರೆಯೇ? ಇಲ್ಲದಿದ್ದರೆ ಕರೆಯಿರಿ. ಬಲೆ, ದೋಣಿಯ ವಿದ್ಯೆ ಅವರದ್ದು. ಲೆಕ್ಕ, ಬ್ಯಾಂಕು ನಮ್ಮದು. ಕೂಲಿಯಾಗಿ ಅಲ್ಲ, ಪಾಲುದಾರರಾಗಿ ಸೇರಿಸಿಕೊಂಡು ಪಾಲು ಎಷ್ಟು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿ.

ಸಂಘದಲ್ಲಿ ಚರ್ಚೆಗೆ

ಮುಂದಿನ ಸಭೆಗೆ ಮೊದಲು ಇಬ್ಬರು ಪ್ರತಿನಿಧಿಗಳು ನಿಮ್ಮೂರ ಕೆರೆಯ ಪಾಶುವಾರು ಹಕ್ಕು ಈಗ ಯಾರ ಹೆಸರಿನಲ್ಲಿದೆ, ಎಂದಿಗೆ ಮುಗಿಯುತ್ತದೆ ಎಂದು ಪಂಚಾಯತಿಯಲ್ಲಿ ಕೇಳಿಕೊಂಡು ಬರಲಿ. ಈಗಾಗಲೇ ಕೆರೆ ಹಿಡಿದ ಸಂಘದವರು ಹತ್ತು ಮೀನಿನ ತೂಕ ಬರೆದು ತರಲಿ. ಸಭೆಯಲ್ಲಿ ಕೂತು ಮೇಲಿನ ಲೆಕ್ಕವನ್ನು ನಿಮ್ಮ ಕೆರೆಗೆ, ನಿಮ್ಮ ಸಂತೆಯ ದರಕ್ಕೆ ಹಾಕಿ ನೋಡಿ. ಜನವರಿವರೆಗಿನ ಕಂತಿಗೆ ಎಷ್ಟು ಕೊರತೆ ಬೀಳುತ್ತದೆ, ಅದನ್ನು ಸಂಘದ ಉಳಿತಾಯದಿಂದ ಆಂತರಿಕ ಸಾಲವಾಗಿ ಕೊಡಬಹುದೇ ಎಂದು ನಿರ್ಣಯ ಮಾಡಿ. ಈಸು ಬರುವವರು ಎಷ್ಟು ಜನ ಎಂದು ಕೈ ಎತ್ತಿಸಿ ಎಣಿಸಿ, ಜಾಕೆಟ್ ಎಷ್ಟು ಬೇಕು ಎಂದು ಬರೆದುಕೊಳ್ಳಿ. ಆ ಹಾಳೆಯನ್ನು ತಾಲೂಕು ಒಕ್ಕೂಟದ ಸಭೆಗೆ ತನ್ನಿ.